ನಮ್ಮ ಅಂತ್ಯಸಂಸ್ಕಾರದ ವ್ಯವಸ್ಥೆ, ಖರ್ಚು ನಾವೇ ಮುಂಚೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಅಂತ್ಯಸಂಸ್ಕಾರ ಹೇಗೆ ನಡೆಯಬೇಕೆಂದು ಬರೆದಿಟ್ಟು, ಅದರ ಖರ್ಚನ್ನೂ ತಾವೇ ತೆತ್ತು ಹೋಗಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಎಡವುವ ಜಾಗಗಳು ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಬದುಕಿರುವಾಗಲೇ ಸಾವಿನ ಲೆಕ್ಕ ಹಾಕುವುದು ಅಪಶಕುನ ಅಲ್ಲವೆ?

ಹಾಗನ್ನಿಸುವುದು ಸಹಜ. ಆದರೆ ಸಾವು ಸಂಭವಿಸಿದ ಮನೆಯ ಮೊದಲ ಆರು ಗಂಟೆಗಳನ್ನು ಒಮ್ಮೆ ಕಲ್ಪಿಸಿಕೊಳ್ಳಿ. ವೈದ್ಯರನ್ನು ಕರೆಸಬೇಕು, ಸಾವಿನ ಕಾರಣದ ಪತ್ರ ಬರೆಸಬೇಕು, ದೇಹವನ್ನು ಎಲ್ಲಿಡುವುದೆಂದು ನೋಡಬೇಕು, ಯಾರ್ಯಾರಿಗೆ ಹೇಳಬೇಕು, ದೂರದವರಿಗಾಗಿ ಕಾಯಬೇಕೋ ಬೇಡವೋ, ಸುಡುವುದೋ ಹೂಳುವುದೋ, ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಕೈಯಿಂದ, ಯಾರ ದುಡ್ಡಿನಿಂದ. ಇಷ್ಟನ್ನೂ ತೀರ್ಮಾನಿಸಬೇಕಾದವರು ಆ ಹೊತ್ತಿಗೆ ನೆಟ್ಟಗೆ ನಿಂತುಕೊಳ್ಳುವ ಸ್ಥಿತಿಯಲ್ಲೂ ಇರುವುದಿಲ್ಲ. ನೀವು ಮಾಡಿಡುವ ವ್ಯವಸ್ಥೆ ಸತ್ತವರಿಗಲ್ಲ, ಆ ಆರು ಗಂಟೆ ಕಳೆಯಬೇಕಾದವರಿಗೆ. ಮುಂದಿನ ಪ್ರತಿ ಉತ್ತರವನ್ನೂ ಅವರ ಜಾಗದಲ್ಲಿ ನಿಂತು ಓದಿಕೊಳ್ಳಿ.

ವ್ಯವಸ್ಥೆ ಅಂದರೆ ಏನೇನು ಮಾಡಿಡಬೇಕು?

ಇಚ್ಛೆ, ಹಣ, ಕಾಗದ ಈ ಮೂರೂ ಇರಬೇಕು. ನಿಮಗೆ ಏನು ಬೇಕೆಂದು ಬರೆದಿರಬೇಕು. ಅದಕ್ಕೆ ತಗಲುವ ಹಣ ಅದೇ ದಿನ ಕೈಗೆ ಸಿಗುವಂತಿರಬೇಕು. ಇವೆರಡೂ ಎಲ್ಲಿವೆಯೆಂದು ಹೇಳುವ ಕಾಗದ ಮನೆಯವರಿಗೆ ರಾತ್ರಿ ಎರಡು ಗಂಟೆಗೂ ಸಿಗಬೇಕು. ಹೆಚ್ಚಿನವರು ಮೊದಲನೆಯದನ್ನು ಬಾಯಲ್ಲಿ ಹೇಳಿ ಬಿಡುತ್ತಾರೆ, ಕೆಲವರು ಎರಡನೆಯದನ್ನೂ ಮಾಡುತ್ತಾರೆ. ಮೂರನೆಯದನ್ನು ಮರೆತು, ಪೂರ್ತಿ ಹಣ ಕಟ್ಟಿದ ಕರಾರುಪತ್ರವನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟುಬಿಡುತ್ತಾರೆ. ಮನೆಯವರು ಸಾಲ ಮಾಡಿ ಸಂಸ್ಕಾರ ಮುಗಿಸಿದ ಎರಡು ತಿಂಗಳ ಮೇಲೆ ಲಾಕರ್ ತೆರೆದಾಗ ಆ ಪತ್ರ ಸಿಗುತ್ತದೆ. ಸೇವೆ ಪಡೆಯದೆ ಹೋದ ಕರಾರಿನ ಹಣ ವಾಪಸು ಸಿಗುತ್ತದೆಯೇ ಎಂಬುದು ಕರಾರಿನ ಒಕ್ಕಣೆಯನ್ನೇ ಅವಲಂಬಿಸಿದೆ. ಎಷ್ಟೋ ಸಲ ಸಿಗುವುದಿಲ್ಲ.

ಮುಂಗಡ ಹಣ ಕಟ್ಟುವ ಪದ್ಧತಿ ಈಚಿನದೆ?

ಅಲ್ಲವೇ ಅಲ್ಲ. ರೋಮ್ ಸಾಮ್ರಾಜ್ಯದ ಕಾಲದಲ್ಲೇ ಇದಕ್ಕೆಂದು ಸಂಘಗಳಿದ್ದವು. ಇಟಲಿಯ ಲಾನುವಿಯಮ್‌ನಲ್ಲಿ ಸಿಕ್ಕ ಕ್ರಿ.ಶ. 136ರ ಶಾಸನವೊಂದರಲ್ಲಿ ಅಂಥ ಸಂಘದ ನಿಯಮಗಳೇ ಇವೆ. ಸೇರುವಾಗ 100 ಸೆಸ್ಟರ್ಸ್ ನಾಣ್ಯ ಮತ್ತು ಒಂದು ಹೂಜಿ ಒಳ್ಳೆಯ ದ್ರಾಕ್ಷಾರಸ, ತಿಂಗಳಿಗೆ 5 ಆಸ್ ನಾಣ್ಯದ ವಂತಿಗೆ. ಸದಸ್ಯ ಸತ್ತರೆ ಸಂಸ್ಕಾರಕ್ಕೆ 300 ಸೆಸ್ಟರ್ಸ್. ಸತತವಾಗಿ ವಂತಿಗೆ ಬಾಕಿ ಉಳಿಸಿಕೊಂಡವರಿಗೆ ಹಣವಿಲ್ಲ. ಊರಿನಿಂದ 20 ಮೈಲಿಗೂ ಆಚೆ ಸತ್ತ ಸುದ್ದಿ ಬಂದರೆ, ಸಂಸ್ಕಾರ ನಡೆಸಲು ಸಂಘದ ಮೂವರು ಹೋಗಬೇಕು. ಕಂತು ತಪ್ಪಿದರೆ ಏನು, ದೂರದಲ್ಲಿ ಸತ್ತರೆ ಏನು, ಕೊಡುವ ಮೊತ್ತ ಎಷ್ಟು ಎಂಬ ಮೂರು ಪ್ರಶ್ನೆಗೂ ಅವರು ಕಲ್ಲಿನಲ್ಲಿ ಉತ್ತರ ಕೆತ್ತಿಸಿದ್ದರು. ಇಂದು ನಿಮ್ಮ ಮುಂದೆ ಬರುವ ಕರಾರಿನಲ್ಲಿ ಈ ಮೂರಕ್ಕೆ ಅಷ್ಟೇ ಸ್ಪಷ್ಟ ಉತ್ತರ ಇಲ್ಲದಿದ್ದರೆ ಸಹಿ ಹಾಕಬೇಡಿ.

ಹಣ ಇಡಲು ಯಾವ ಯಾವ ದಾರಿಗಳಿವೆ?

ಎಲ್ಲಕ್ಕಿಂತ ಸರಳವಾದದ್ದು, ಇದಕ್ಕೆಂದೇ ಬೇರೆ ಖಾತೆ ತೆರೆದು ಹಣ ಇಡುವುದು. ಹಣ ನಿಮ್ಮ ಹಿಡಿತದಲ್ಲೇ ಇರುತ್ತದೆ, ಬಡ್ಡಿ ನಿಮ್ಮದೇ, ಊರು ಬದಲಾದರೂ ತೊಂದರೆಯಿಲ್ಲ. ಕಷ್ಟಕಾಲದಲ್ಲಿ ಅದಕ್ಕೆ ಕೈ ಹಾಕುವ ಆಸೆಯಾಗುವುದು, ನೀವು ಹೋದ ಕೂಡಲೇ ಖಾತೆ ಸ್ಥಗಿತವಾಗಬಹುದು ಎಂಬುದು ಅದರ ಕೊರತೆ.

ಎರಡನೆಯದು, ಅಂತ್ಯಸಂಸ್ಕಾರ ನಡೆಸಿಕೊಡುವ ಸಂಸ್ಥೆಯೊಂದಿಗೆ ಮುಂಗಡ ಕರಾರು. ಪೂರ್ತಿಯೋ ಕಂತಿನಲ್ಲೋ ಹಣ ಕಟ್ಟುತ್ತೀರಿ, ಅವರು ಮುಂದೆ ಇಂತಿಂಥ ಸೇವೆ ಕೊಡುವುದಾಗಿ ಬರೆದುಕೊಡುತ್ತಾರೆ. ಹಣ ಟ್ರಸ್ಟಿನಲ್ಲಿ ಇರಬೇಕು ಅಥವಾ ನಿಮ್ಮ ಜೀವದ ಮೇಲಿನ ವಿಮೆಯಲ್ಲಿ ಇರಬೇಕು. ಸಂಸ್ಥೆಯ ಸ್ವಂತ ಖಾತೆಯಲ್ಲಿ ಇರಕೂಡದು.

ಮೂರನೆಯದು, ನೀವೇ ನೇರವಾಗಿ ಕೊಳ್ಳುವ ಅಂತ್ಯಸಂಸ್ಕಾರ ವಿಮೆ. ಇದರಲ್ಲಿ ಸಿಗುವುದು ಸೇವೆಯಲ್ಲ, ಹಣ.

ನಾಲ್ಕನೆಯದು ಪರಸ್ಪರ ನೆರವಿನ ಸಂಘ. ಸಮುದಾಯವೋ ಕೆಲಸದ ಜಾಗವೋ ನಡೆಸುವ ನಿಧಿ. ಕೊಡುವ ಮೊತ್ತ ಸಣ್ಣದು, ಆದರೆ ಬೆಳಗಾಗುವುದರೊಳಗೆ ಹಣದ ಜೊತೆ ನಾಲ್ಕು ಜನರೂ ಬಾಗಿಲಿಗೆ ಬರುತ್ತಾರೆ. ಸಂಘದಲ್ಲಿ ಹೊಸಬರು ಸೇರುವುದು ನಿಂತು ಬರೀ ವಯಸ್ಸಾದವರೇ ಉಳಿದಿದ್ದರೆ ನಿಧಿ ಬೇಗ ಬರಿದಾಗುತ್ತದೆ. ಸೇರುವ ಮುನ್ನ ಲೆಕ್ಕಪತ್ರ ಕೇಳಿ ನೋಡಿ.

ಮಾತು ಕೇಳುವ ಮಕ್ಕಳೋ ನಂಬುವ ಒಬ್ಬರೋ ಇದ್ದವರಿಗೆ ಮೊದಲನೆಯ ದಾರಿಯೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಕರಾರು ಹೆಚ್ಚು ಉಪಯೋಗಕ್ಕೆ ಬರುವುದು ನಡೆಸಿಕೊಡುವವರು ಯಾರೂ ಇಲ್ಲದವರಿಗೆ, ಅಥವಾ ಒಂದೇ ಊರಿನಲ್ಲಿ ನೆಲೆಯೂರಿ ಇನ್ನೆಲ್ಲಿಗೂ ಹೋಗದವರಿಗೆ.

'ದರ ಖಾತರಿ' ಎಂದರೆ ಏನು?

ಇಂದು ಕಟ್ಟಿದ ಮೊತ್ತಕ್ಕೇ ಮುಂದೆ ಸೇವೆ ಕೊಡುತ್ತೇವೆ, ಬೆಲೆ ಏರಿದರೂ ಹೆಚ್ಚು ಕೇಳುವುದಿಲ್ಲ ಎಂಬ ಬರಹದ ಭರವಸೆ. ಖಾತರಿಯಿಲ್ಲದ ಕರಾರಿನಲ್ಲಿ ನೀವು ಕಟ್ಟಿದ್ದು ಬರೀ ಮುಂಗಡ. ಅಂದಿನ ದರಕ್ಕೂ ಅಂದು ಬೆಳೆದಿರುವ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಮನೆಯವರು ತುಂಬಬೇಕು. ವ್ಯತ್ಯಾಸ ಎಷ್ಟಾದೀತು? ಖರ್ಚು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಎರಡರಷ್ಟು, 24 ವರ್ಷಕ್ಕೆ ನಾಲ್ಕರಷ್ಟಾಗುತ್ತದೆ. ನಿಮ್ಮ ಹಣ ಶೇ 3ರಂತೆ ಬೆಳೆದರೆ 24 ವರ್ಷಕ್ಕೆ ಎರಡರಷ್ಟು ಮಾತ್ರ. ಅರ್ಧ ಖರ್ಚು ಉಳಿದೇ ಹೋಯಿತು. ಸ್ವಂತ ಖಾತೆಯಲ್ಲಿ ಇಡುವವರಿಗೂ ಇದೇ ಲೆಕ್ಕ, ಹಾಗಾಗಿ ಒಮ್ಮೆ ಇಟ್ಟು ಮರೆಯದೆ ಆಗಾಗ ಸೇರಿಸುತ್ತಿರಬೇಕು.

ಖಾತರಿ ಇದ್ದರೂ ಅದು ಯಾವುದಕ್ಕೆ ಎಂದು ನೋಡಿ. ಬಹುತೇಕ ಕರಾರುಗಳಲ್ಲಿ ಖಾತರಿ ಇರುವುದು ಸಂಸ್ಥೆ ಸ್ವತಃ ಮಾಡುವ ಕೆಲಸಕ್ಕೆ ಮಾತ್ರ.

ಹಾಗಾದರೆ ಯಾವುದು ಸೇರಿರುವುದಿಲ್ಲ?

ಹೊರಗಿನವರಿಗೆ ಕೊಡಬೇಕಾದದ್ದು. ಸ್ಮಶಾನದ ಅಥವಾ ಚಿತಾಗಾರದ ಶುಲ್ಕ, ಗುಂಡಿ ತೋಡುವವರ ಕೂಲಿ, ಪುರೋಹಿತರಿಗೋ ಪಾದ್ರಿಗಳಿಗೋ ಮೌಲ್ವಿಗಳಿಗೋ ಕೊಡುವುದು, ಪತ್ರಿಕೆಯಲ್ಲಿ ಹಾಕಿಸುವ ಸುದ್ದಿ, ಹೂವು, ಬಂದವರ ಊಟ, ವೈದ್ಯರ ಪ್ರಮಾಣಪತ್ರದ ಶುಲ್ಕ, ಸಮಾಧಿ ಕಲ್ಲು. ಇವು ಎಷ್ಟೋ ಕರಾರಿನಲ್ಲಿ 'ಮೂರನೆಯವರ ವೆಚ್ಚ' ಎಂಬ ಒಂದೇ ಸಾಲಿನಲ್ಲಿ ಹೊರಗುಳಿದಿರುತ್ತವೆ, ಇಲ್ಲವೇ 'ಇಂತಿಷ್ಟರವರೆಗೆ' ಎಂದು ಮಿತಿ ಹಾಕಿರುತ್ತಾರೆ.

ದೇಹ ಸಾಗಿಸುವ ದೂರಕ್ಕೂ ಮಿತಿಯಿರುತ್ತದೆ, ಅದು ದಾಟಿದರೆ ಕಿಲೋಮೀಟರ್ ಲೆಕ್ಕ. ಶೈತ್ಯಾಗಾರದಲ್ಲಿ ಇಡುವುದು ದಿನದ ಬಾಡಿಗೆ. ದೂರದ ಮಗ ಬರುವವರೆಗೆ ನಾಲ್ಕು ದಿನ ಕಾದರೆ ನಾಲ್ಕು ದಿನದ ಬಾಡಿಗೆ. ರಾತ್ರಿ ಹೊತ್ತು, ರಜಾದಿನ ಎಂದು ಹೆಚ್ಚುವರಿ ದರವೂ ಇರಬಹುದು. ಆದ್ದರಿಂದ ಒಟ್ಟು ಮೊತ್ತದ ಒಂದು ಸಾಲಿನ ಅಂದಾಜನ್ನು ಒಪ್ಪಬೇಡಿ, ಬಾಬ್ತುವಾರು ಬರೆಸಿಕೊಳ್ಳಿ. ಅಮೆರಿಕದಲ್ಲಿ 1984ರಿಂದಲೇ ಬಾಬ್ತುವಾರು ದರಪಟ್ಟಿ ಕೊಡುವುದು, ಫೋನಿನಲ್ಲಿ ಕೇಳಿದರೂ ದರ ಹೇಳುವುದು ಕಡ್ಡಾಯ. ನಿಯಮವಿಲ್ಲದ ಕಡೆಯೂ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹಣ ಕಟ್ಟಿಸಿಕೊಂಡ ಸಂಸ್ಥೆಯೇ ಮುಳುಗಿದರೆ?

ಆಗಿರುವ ಸಂಗತಿಯೇ ಇದು. 2022ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಇಂಥ ಯೋಜನೆ ಮಾರುತ್ತಿದ್ದ ಒಂದು ಕಂಪನಿ ಕುಸಿದಾಗ ಸುಮಾರು 46,000 ಜನರ ಯೋಜನೆಗಳು ಅತಂತ್ರವಾದವು. ಅದೇ ವರ್ಷ ಜುಲೈ 29ರಿಂದ ಅಲ್ಲಿ ಮುಂಗಡ ಅಂತ್ಯಸಂಸ್ಕಾರ ಯೋಜನೆಗಳು ಹಣಕಾಸು ನಿಯಂತ್ರಕರ ಅಡಿಗೆ ಬಂದವು. ಪರವಾನಗಿಯಿಲ್ಲದೆ ಮಾರುವಂತಿಲ್ಲ, ಕೇಳದವರಿಗೆ ಫೋನ್ ಮಾಡಿ ಮಾರುವಂತಿಲ್ಲ, ದಲ್ಲಾಳಿಗಳಿಗೆ ಕಮಿಷನ್ ಕೊಡುವಂತಿಲ್ಲ. ಅಮೆರಿಕದಲ್ಲೂ 2008ರಲ್ಲಿ ಒಂದು ದೊಡ್ಡ ಕಂಪನಿ ನೆಲಕಚ್ಚಿತ್ತು. ಅಲ್ಲಿ ಗ್ರಾಹಕರ ಹಣದಿಂದ ಮಾಡಿಸಿದ ವಿಮಾ ಪಾಲಿಸಿಗಳ ಮೇಲೆ ಕಂಪನಿಯೇ ಸಾಲ ಎತ್ತಿತ್ತು.

ಇವುಗಳಿಂದ ತಿಳಿಯಬೇಕಾದದ್ದು ಎರಡು. ಟ್ರಸ್ಟ್ ಎಂಬ ಹೆಸರಿದ್ದರೆ ಸಾಲದು. ಅದರ ಟ್ರಸ್ಟಿಗಳು ಮಾರುವ ಕಂಪನಿಯವರೇ ಆಗಿದ್ದರೆ ಅದು ಎಡಗೈ ಬಲಗೈ ವ್ಯವಹಾರ. ವಿಮೆಯಾದರೆ ಪಾಲಿಸಿ ನಿಮ್ಮ ಹೆಸರಿನಲ್ಲಿದೆಯೇ, ನಿಮ್ಮ ಸಹಿಯಿಲ್ಲದೆ ಅದರ ಮೇಲೆ ಸಾಲ ತೆಗೆಯಲು ಬರುತ್ತದೆಯೇ ಎಂದು ನೇರವಾಗಿ ವಿಮಾ ಕಂಪನಿಯನ್ನೇ ಕೇಳಿ ತಿಳಿದುಕೊಳ್ಳಿ. ಮಾರುವವರ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ.

ಸಹಿ ಹಾಕುವ ಮುನ್ನ ಏನೇನು ಕೇಳಬೇಕು?

ಈ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

- ನನ್ನ ಹಣ ಯಾರ ಹೆಸರಿನಲ್ಲಿ, ಎಲ್ಲಿ ಇರುತ್ತದೆ? ವರ್ಷಕ್ಕೊಮ್ಮೆ ಅದರ ಲೆಕ್ಕ ನನಗೆ ಬರುತ್ತದೆಯೇ?
- ಆಡಳಿತ ವೆಚ್ಚವೆಂದು ಮೊದಲೇ ಎಷ್ಟು ಮುರಿದುಕೊಳ್ಳುತ್ತೀರಿ?
- ನಾನು ಬೇರೆ ಊರಿಗೆ ಹೋದರೆ ಕರಾರು ವರ್ಗಾಯಿಸಬಹುದೇ?
- ರದ್ದು ಮಾಡಿದರೆ ಎಷ್ಟು ವಾಪಸು, ಎಷ್ಟು ದಿನದಲ್ಲಿ?
- ಹೇಳಿದ ಪೆಟ್ಟಿಗೆಯೋ ವಾಹನವೋ ಅಂದು ಸಿಗದಿದ್ದರೆ ಬದಲಿಗೆ ಏನು ಕೊಡುತ್ತೀರಿ? 'ಸಮಾನ ದರ್ಜೆಯದು' ಎಂಬ ಮಾತಿಗೆ ಅರ್ಥವೇನು?
- ಕಂತು ಮುಗಿಯುವ ಮುನ್ನವೇ ನಾನು ಸತ್ತರೆ?
- ಖರ್ಚಾಗದೆ ಮಿಕ್ಕ ಹಣ ಯಾರಿಗೆ?
- ನಿಮಗೆ ಸುದ್ದಿ ಕೊಡಬೇಕಾದ ನಂಬರ್ ಯಾವುದು, ಅದು ದಿನದ 24 ಗಂಟೆಯೂ ಕೆಲಸ ಮಾಡುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಅಲ್ಲೇ ಬಿಡಬೇಡಿ. ಒಂದು ರಾತ್ರಿ ಹನ್ನೊಂದಕ್ಕೆ ಆ ನಂಬರಿಗೆ ಕರೆ ಮಾಡಿ ನೋಡಿ.

ವಿಮೆ ಮಾಡಿಸಿದರೆ ಸಾಲದೆ?

ವಯಸ್ಸು, ಆರೋಗ್ಯ ನೋಡಿ ಹೇಳಬೇಕು. ವೈದ್ಯಕೀಯ ತಪಾಸಣೆಯಿಲ್ಲದೆ ಯಾರನ್ನಾದರೂ ಸೇರಿಸಿಕೊಳ್ಳುವ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷ ಕಾಯುವ ಅವಧಿ ಇರುತ್ತದೆ. ಆ ಅವಧಿಯಲ್ಲಿ ಕಾಯಿಲೆಯಿಂದ ಸತ್ತರೆ ಕಟ್ಟಿದ ಪ್ರೀಮಿಯಂ ಮಾತ್ರ ವಾಪಸು, ಅಪಘಾತವಾದರೆ ಪೂರ್ತಿ. ಹೆಚ್ಚು ಕಾಲ ಬದುಕಿದರೆ ಬೇರೆ ತೊಂದರೆ. ತಿಂಗಳ ಪ್ರೀಮಿಯಂ ವಿಮಾ ಮೊತ್ತದ ನೂರನೇ ಒಂದು ಭಾಗವಾಗಿದ್ದರೆ ಎಂಟು ವರ್ಷ ನಾಲ್ಕು ತಿಂಗಳಿಗೆ ನೀವು ಪೂರ್ತಿ ಮೊತ್ತ ಕಟ್ಟಿರುತ್ತೀರಿ. ಅಲ್ಲಿಂದ ಮುಂದೆ ಕಟ್ಟುವುದೆಲ್ಲ ಕೈಬಿಟ್ಟ ಹಣ. ನಿಲ್ಲಿಸೋಣ ಎಂದರೆ ಪಾಲಿಸಿಯೇ ರದ್ದಾದೀತು. ಮರೆವು ಶುರುವಾದ ವಯಸ್ಸಿನಲ್ಲಿ ಪ್ರೀಮಿಯಂ ತಪ್ಪಿ ಪಾಲಿಸಿ ಸಾಯುವುದು ಇನ್ನೂ ಕೆಟ್ಟದ್ದು. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಮಾಡಿ, ಆ ಖಾತೆಯ ಮೇಲೆ ಇನ್ನೊಬ್ಬರ ಕಣ್ಣೂ ಇರಲಿ.

ಬ್ಯಾಂಕಿನಲ್ಲಿ ಇಟ್ಟ ಹಣ ಅಂದೇ ಕೈಗೆ ಸಿಗುತ್ತದೆಯೇ?

ಒಂಟಿ ಹೆಸರಿನ ಖಾತೆಯಾದರೆ ಸಿಗುವುದಿಲ್ಲ ಎಂದೇ ಎಣಿಸಿಕೊಳ್ಳಿ. ಸಾವಿನ ಸುದ್ದಿ ತಿಳಿದ ಕೂಡಲೇ ಬ್ಯಾಂಕ್ ವ್ಯವಹಾರ ನಿಲ್ಲಿಸುತ್ತದೆ. ನಾಮಿನಿಗೆ ಕೊಡಲೂ ಮರಣ ಪ್ರಮಾಣಪತ್ರ ಬೇಕು, ಅದು ಬರಲು ದಿನಗಳಾಗುತ್ತವೆ. ಬದುಕುಳಿದವರು ಒಬ್ಬರೇ ವ್ಯವಹರಿಸಬಹುದಾದ ಜಂಟಿ ಖಾತೆ ಈ ಕೆಲಸಕ್ಕೆ ಒಳ್ಳೆಯದು. ಅದರಲ್ಲಿ ಸಂಸ್ಕಾರದ ಖರ್ಚಿಗೆ ಬೇಕಾದಷ್ಟೇ ಇಡಿ. ಜಂಟಿದಾರರ ಸಾಲದ ತಂಟೆ, ಮುಂದೆ ವಾರಸುದಾರರ ಜಗಳ ಎರಡೂ ಆ ಖಾತೆಯ ಮೊತ್ತಕ್ಕೆ ಸೀಮಿತವಾಗುತ್ತವೆ.

ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ, ಮಗಳು ಹಣ ತೆಗೆದುಕೊಳ್ಳುತ್ತಾಳೆ ಎಂದು ನೆಮ್ಮದಿಯಾಗಿರುವವರು ಬಹಳ. ಬರೆದುಕೊಟ್ಟವರ ಉಸಿರಿನೊಂದಿಗೆ ಆ ಅಧಿಕಾರವೂ ಹೋಗುತ್ತದೆ. ಸತ್ತವರ ಎಟಿಎಂ ಕಾರ್ಡು ಹಾಕಿ ಹಣ ತೆಗೆಯುವುದು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಮುಂದೆ ಆ ಮಗಳನ್ನೇ ಕಟಕಟೆಗೆ ನಿಲ್ಲಿಸಬಹುದು.

ಎಲ್ಲವನ್ನೂ ಉಯಿಲಿನಲ್ಲಿ ಬರೆದಿದ್ದೇನೆ. ಇನ್ನೇನು ಬೇಕು?

ಉಯಿಲು ತೆರೆಯುವುದು ಬಹುತೇಕ ಸಂಸ್ಕಾರ ಮುಗಿದ ಮೇಲೆ. ಆಸ್ತಿಯ ಮಾತು ಅದರಲ್ಲಿರಲಿ, ಸಂಸ್ಕಾರದ ಮಾತನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ಕಾನೂನಿನ ತೊಡಕೂ ಇದೆ. ಮೃತದೇಹ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಅದನ್ನು ಏನು ಮಾಡಬೇಕೆಂದು ಉಯಿಲಿನಲ್ಲಿ ಬರೆದ ಆದೇಶ ಕಟ್ಟುನಿಟ್ಟಾಗಿ ಜಾರಿಯಾಗದು ಎಂದು ಇಂಗ್ಲೆಂಡಿನ ಕೋರ್ಟು 1882ರಲ್ಲೇ ಹೇಳಿತು. ಅಲ್ಲಿ ತನ್ನ ದೇಹ ಸುಡಬೇಕೆಂದು ಬರೆದಿಟ್ಟವರನ್ನು ಮನೆಯವರು ಹೂತಿದ್ದರು. ಕೆಲವು ದೇಶ, ರಾಜ್ಯಗಳಲ್ಲಿ ಇಂಥ ಬರಹಕ್ಕೆ ಕಾನೂನಿನ ಬಲ ಇದೆ. ಇಲ್ಲದ ಕಡೆ ಬಲ ಬರುವುದು ಮನೆಯವರ ಒಪ್ಪಿಗೆಯಿಂದ.

ಮಕ್ಕಳು ಈ ಮಾತೇ ಎತ್ತಲು ಬಿಡುವುದಿಲ್ಲ. ಏನು ಮಾಡಲಿ?

'ನನ್ನ ಸಾವಿನ ಬಗ್ಗೆ ಮಾತಾಡೋಣ' ಎಂದು ಶುರು ಮಾಡಿದರೆ ಎದ್ದು ಹೋಗುತ್ತಾರೆ. 'ಈ ಕಾಗದ ಇಲ್ಲಿಟ್ಟಿದ್ದೇನೆ, ನೋಡಿಕೋ' ಎಂದು ಜಾಗ ತೋರಿಸಿದರೆ ನೋಡುತ್ತಾರೆ. ಎಲ್ಲರೂ ಒಟ್ಟಿಗಿದ್ದಾಗ ಒಂದೇ ಸಲ, ಒಂದೇ ಮಾತಿನಲ್ಲಿ ಹೇಳಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿದರೆ 'ಅಪ್ಪ ನನಗೆ ಹಾಗೆ ಹೇಳಿರಲಿಲ್ಲ' ಎಂಬ ಜಗಳ ನಿಮ್ಮ ದೇಹದ ಮುಂದೆಯೇ ನಡೆಯುತ್ತದೆ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳಿ: ಎಲ್ಲವನ್ನೂ ನೀವೇ ತೀರ್ಮಾನಿಸಬೇಡಿ. ಯಾವುದು ಆಗಲೇಬೇಕು, ಯಾವುದು ಆದರೂ ಸರಿ ಬಿಟ್ಟರೂ ಸರಿ ಎಂದು ಬೇರೆ ಮಾಡಿ ಬರೆಯಿರಿ. ಅಳುವವರಿಗೆ ತಮ್ಮ ಕೈಯಾರೆ ಏನಾದರೂ ಮಾಡಿ ಕಳಿಸಿಕೊಡುವ ಅವಕಾಶ ಬೇಕು. 'ಯಾವ ವಿಧಿಯೂ ಬೇಡ, ಯಾರೂ ಬರಬೇಡಿ' ಎಂದು ಬರೆಯುವವರು ತಾವು ಹೊರೆ ಇಳಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಉಳಿದವರು ಅದನ್ನು ವರ್ಷಗಟ್ಟಲೆ ಹೊರುತ್ತಾರೆ.

ಆ ಹಾಳೆಯಲ್ಲಿ ಏನಿರಬೇಕು?

ಒಂದೇ ಹಾಳೆ, ಎರಡು ಮಗ್ಗುಲು. ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರ. ಮೇಲುಗಡೆ ದಿನಾಂಕ, ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಪೂರ್ತಿ ಹೆಸರು. ಕರಾರಿನಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಅಕ್ಷರವಿದ್ದರೆ ಹಣ ಬಿಡುಗಡೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಹೀಗೆ:

'ಮೊದಲು ಕರೆಯಬೇಕಾದವರು: ಇಂಥ ವೈದ್ಯರು, ನಂಬರ್. ಆಮೇಲೆ ಇಂಥವರು, ನಂಬರ್. ಕಣ್ಣು ದಾನ ಮಾಡಿದ್ದೇನೆ, ನೇತ್ರ ಬ್ಯಾಂಕಿನ ನಂಬರ್ ಇದು, ಆರು ಗಂಟೆಯೊಳಗೆ. ಎದೆಯಲ್ಲಿ ಪೇಸ್‌ಮೇಕರ್ ಇದೆ, ತೆಗೆಸಬೇಕು. ಸುಡಬೇಕು. ಒಂದು ದಿನಕ್ಕಿಂತ ಹೆಚ್ಚು ಯಾರಿಗಾಗಿಯೂ ಕಾಯಬೇಡಿ. ಹಣ ಈ ಜಂಟಿ ಖಾತೆಯಲ್ಲಿದೆ, ಪಾಸ್‌ಪುಸ್ತಕ ಬೀರುವಿನ ಎರಡನೇ ಅರೆಯಲ್ಲಿ. ಕರಾರು ಸಂಖ್ಯೆ ಇದು. ಗುರುತಿನ ಚೀಟಿ ಇದರ ಜೊತೆಗೇ ಲಕೋಟೆಯಲ್ಲಿದೆ.'

ಹಿಂಬದಿಯಲ್ಲಿ ಸುದ್ದಿ ತಿಳಿಸಬೇಕಾದ ಇಪ್ಪತ್ತು ಇಪ್ಪತ್ತೈದು ಜನರ ಹೆಸರು, ಫೋನ್ ನಂಬರ್. ಎಲ್ಲ ನಂಬರ್ ಮೊಬೈಲಿನಲ್ಲೇ ಇವೆ ಎನ್ನಬೇಡಿ, ಮೊಬೈಲ್ ತೆರೆಯಲು ನಿಮ್ಮ ಬೆರಳು ಬೇಕು. ಒಂದು ಪ್ರತಿ ಮನೆಯಲ್ಲಿ, ಒಂದು ನಂಬಿಕಸ್ಥರ ಬಳಿ, ಒಂದು ಫೋಟೋ ಮಕ್ಕಳ ಮೊಬೈಲಿನಲ್ಲಿ.

ಸುಡುವುದು, ಹೂಳುವುದು: ಮುಂಚೆಯೇ ತಿಳಿಯಬೇಕಾದ ತಾಂತ್ರಿಕ ವಿಷಯಗಳಿವೆಯೇ?

ಇವೆ. ವಿದ್ಯುತ್ ಅಥವಾ ಅನಿಲ ಚಿತಾಗಾರದ ಒಲೆ ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಉರಿಯುತ್ತದೆ, ದೊಡ್ಡವರ ದೇಹಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಪೇಸ್‌ಮೇಕರಿನ ಬ್ಯಾಟರಿ ಆ ಕಾವಿಗೆ ಸಿಡಿಯುತ್ತದೆ. ಒಲೆ ಕೆಡುತ್ತದೆ, ಕೆಲಸದವರಿಗೆ ಏಟಾಗುತ್ತದೆ. ಅದಕ್ಕೇ ಒಲೆಗಿಡುವ ಮುನ್ನ ತೆಗೆಸುವುದು ಕಡ್ಡಾಯ. ಶವಾಗಾರದ ಸಿಬ್ಬಂದಿಗೆ ಕೆಲವೇ ನಿಮಿಷದ ಕೆಲಸ, ಆದರೆ ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಹೃದಯಕ್ಕೆ ಆಘಾತ ಕೊಟ್ಟು ಎಬ್ಬಿಸುವ ಡಿಫಿಬ್ರಿಲೇಟರ್ ಸಾಧನವಾದರೆ ಮೊದಲು ಅದನ್ನು ನಿಷ್ಕ್ರಿಯಗೊಳಿಸಬೇಕು, ಇಲ್ಲದಿದ್ದರೆ ತೆಗೆಯುವವರಿಗೇ ಷಾಕ್ ಹೊಡೆಯಬಹುದು.

ದೇಹ ತೀರಾ ದಪ್ಪವಾಗಿದ್ದರೆ ಒಲೆಯ ಬಾಗಿಲಿನ ಅಗಲ, ತೂಕದ ಮಿತಿ ಮುಂಚೆಯೇ ಕೇಳಿಡಿ. ಸ್ಮಶಾನದ ಬಾಗಿಲಲ್ಲಿ ವಾಪಸು ಕಳಿಸಿಕೊಳ್ಳುವುದು ಯಾರಿಗೂ ಬೇಡ. ಬೂದಿ ಎರಡರಿಂದ ಮೂರು ಕಿಲೋ ಇರುತ್ತದೆ, ತುಂಬಿಡಲು ಮೂರು ಲೀಟರಿಗಿಂತ ಸ್ವಲ್ಪ ದೊಡ್ಡ ಪಾತ್ರೆ ಬೇಕು. ಅಂಗೈಯಗಲದ ಕರಂಡಕ ಕೊಂಡು ಆಮೇಲೆ ಪರದಾಡುವವರುಂಟು.

ಸಮಾಧಿಗೆ ಜಾಗ ಕೊಂಡರೆ ಅದು ಶಾಶ್ವತವಾಗಿ ನಮ್ಮದೇ?

ಅನೇಕ ಕಡೆ ಅಲ್ಲ. ಕೊಳ್ಳುವುದು ನೆಲವನ್ನಲ್ಲ, ಇಂತಿಷ್ಟು ವರ್ಷ ಅಲ್ಲಿ ಹೂಳುವ ಹಕ್ಕನ್ನು. ಜರ್ಮನಿಯಲ್ಲಿ ಸಾಮಾನ್ಯವಾಗಿ 20–30 ವರ್ಷ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಸ್ಮಶಾನಗಳಲ್ಲಿ ಒಮ್ಮೆಗೆ ಹೆಚ್ಚೆಂದರೆ 100 ವರ್ಷ. ಅವಧಿ ಮುಗಿದ ಮೇಲೆ ನವೀಕರಿಸುವವರು ಯಾರು ಎಂದು ಕೇಳಿಕೊಳ್ಳಿ. ಹಕ್ಕುಪತ್ರ ಯಾರ ಹೆಸರಿನಲ್ಲಿದೆಯೋ ಅವರ ಸಹಿಯಿಲ್ಲದೆ ಗುಂಡಿ ತೆರೆಯಲು ಬಿಡದ ಕಡೆಗಳಿವೆ. ಗಂಡ ಹೆಂಡತಿ ಒಂದೇ ಜಾಗ ಎಂದುಕೊಂಡಿದ್ದರೆ ಎರಡೂ ಹೆಸರು ಹಾಕಿಸಿ.

ದೇಹದಾನಕ್ಕೆ ಬರೆದುಕೊಟ್ಟಿದ್ದೇನೆ. ಬೇರೆ ವ್ಯವಸ್ಥೆ ಬೇಡ ತಾನೆ?

ಬೇಕು. ಬರೆದುಕೊಟ್ಟ ಮಾತ್ರಕ್ಕೆ ತೆಗೆದುಕೊಂಡೇ ತೀರಬೇಕೆಂದು ಯಾವ ವೈದ್ಯಕೀಯ ಕಾಲೇಜಿಗೂ ಕಟ್ಟುಪಾಡಿಲ್ಲ. ಮರಣೋತ್ತರ ಪರೀಕ್ಷೆ ಆದ ದೇಹ, ಎಚ್‌ಐವಿ, ಹೆಪಟೈಟಿಸ್, ಕ್ಷಯದಂಥ ಸೋಂಕು ಇದ್ದ ದೇಹ, ಕೊಳೆಯಲು ಶುರುವಾದದ್ದು, ಅತಿ ಸ್ಥೂಲವಾದದ್ದು, ದೊಡ್ಡ ಶಸ್ತ್ರಚಿಕಿತ್ಸೆ ಆದ ಬೆನ್ನಲ್ಲೇ ಬಂದದ್ದು ಇವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಣ್ಣು ಬಿಟ್ಟು ಬೇರೆ ಅಂಗ ದಾನ ಮಾಡಿದ್ದರೂ ಬಹಳ ಕಡೆ ಒಪ್ಪುವುದಿಲ್ಲ, ಹಾಗಾಗಿ ಅಂಗದಾನವೋ ದೇಹದಾನವೋ ಯಾವುದು ಮೊದಲು ಎಂದು ಬರೆಯಿರಿ. ಮನೆಯವರಲ್ಲಿ ಒಬ್ಬರು ಬೇಡವೆಂದರೂ ಕಾಲೇಜು ಹಿಂದೆ ಸರಿಯುತ್ತದೆ. ತೆಗೆದುಕೊಳ್ಳದಿದ್ದರೆ ಮುಂದೇನು ಎಂಬ ಒಂದು ಸಾಲು, ಅದಕ್ಕೆ ಬೇಕಾದ ಹಣ ಎರಡೂ ಇರಲೇಬೇಕು.

ಕಣ್ಣು ದಾನಕ್ಕೆ ಮನೆಯವರು ಏನು ಮಾಡಬೇಕು?

ಕೂಡಲೇ ನೇತ್ರ ಬ್ಯಾಂಕಿಗೆ ಫೋನ್. ಕಣ್ಣಿನ ಮೇಲಿನ ಪಾರದರ್ಶಕ ಪಟಲ ಒಣಗಬಾರದು, ಅಷ್ಟೇ ಎಲ್ಲ ಎಚ್ಚರಿಕೆಯ ಮೂಲ. ರೆಪ್ಪೆ ಮುಚ್ಚಿ, ಅದರ ಮೇಲೆ ಶುದ್ಧ ನೀರಿನಲ್ಲಿ ಅದ್ದಿದ ಹತ್ತಿಯೋ ಬಟ್ಟೆಯೋ ಇಡಿ, ಆಗಾಗ ಒದ್ದೆ ಮಾಡಿ. ತಲೆಯ ಮೇಲಿನ ಫ್ಯಾನ್ ಆರಿಸಿ. ತಲೆಯಡಿ ದಿಂಬಿಟ್ಟು ಸ್ವಲ್ಪ ಎತ್ತರಿಸಿದರೆ ತೆಗೆಯುವಾಗ ರಕ್ತ ಒಸರುವುದು ಕಡಿಮೆ. ತಂಡ ಮನೆಗೇ ಬರುತ್ತದೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ವಯಸ್ಸಾಗಿದೆ, ಕನ್ನಡಕವಿದೆ, ಸಕ್ಕರೆ ಕಾಯಿಲೆಯಿದೆ, ಪೊರೆ ತೆಗೆಸಿದ್ದಾರೆ ಎಂದು ನೀವೇ ತೀರ್ಪು ಕೊಟ್ಟು ಕೈಬಿಡಬೇಡಿ. ಅದನ್ನು ಅವರು ನೋಡಿ ಹೇಳುತ್ತಾರೆ.

ಮನೆಯಲ್ಲೇ ಪ್ರಾಣ ಹೋದರೆ?

ಬಹಳ ದಿನದಿಂದ ಕಾಯಿಲೆಯಿದ್ದು ನೋಡುತ್ತಿದ್ದ ವೈದ್ಯರಿದ್ದರೆ ಅವರೇ ಕಾರಣ ಬರೆದುಕೊಡಬಲ್ಲರು. ಈಚೆಗೆ ಅವರು ನೋಡಿಯೇ ಇಲ್ಲದಿದ್ದರೆ ಕೊಡಲು ಹಿಂಜರಿಯುತ್ತಾರೆ, ಆಗ ಪೊಲೀಸು, ಮರಣೋತ್ತರ ಪರೀಕ್ಷೆ ಎಂದು ದಿನಗಳೇ ಉರುಳುತ್ತವೆ. ಮಂಚ ಹಿಡಿದವರನ್ನು ವೈದ್ಯರು ಆಗಾಗ ಬಂದು ನೋಡಿ ಚೀಟಿ ಬರೆದಿರುವುದು ಇದಕ್ಕೂ ಬೇಕು. ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಒಂದೇ ಸಲಕ್ಕೆ ಎಂಟು ಹತ್ತು ತೆಗೆಸಿಕೊಳ್ಳಲು ಹಾಳೆಯಲ್ಲಿ ಬರೆಯಿರಿ. ಬ್ಯಾಂಕು, ವಿಮೆ, ಪಿಂಚಣಿ, ಮನೆಪತ್ರ ಎಲ್ಲರೂ ಒಂದೊಂದು ಕೇಳುತ್ತಾರೆ.

ಪರದೇಶದಲ್ಲಿ ಸತ್ತರೆ?

ದೇಹ ತರುವುದು ಬಹಳ ಖರ್ಚಿನ, ನಿಧಾನದ ಕೆಲಸ. ದೇಹ ಕೆಡದಂತೆ ರಾಸಾಯನಿಕ ತುಂಬಿಸಿದ ಪ್ರಮಾಣಪತ್ರ, ಗಾಳಿಯಾಡದಂತೆ ಬೆಸೆದ ಲೋಹದ ಒಳಪೆಟ್ಟಿಗೆ, ಮರಣ ಪ್ರಮಾಣಪತ್ರ, ರಾಯಭಾರ ಕಚೇರಿಯ ಒಪ್ಪಿಗೆ, ರದ್ದುಪಡಿಸಿದ ಪಾಸ್‌ಪೋರ್ಟ್ ಇಷ್ಟಾದರೂ ಬೇಕು. ಸಾಮಾನ್ಯ ಮುಂಗಡ ಕರಾರಿನಲ್ಲಿ ಇದು ಸೇರಿರುವುದಿಲ್ಲ. ಪ್ರವಾಸ ವಿಮೆಯಲ್ಲಿ 'ಮೃತದೇಹ ಮರಳಿಸುವ ವೆಚ್ಚ' ಇದೆಯೇ ನೋಡಿ. ಅಲ್ಲೇ ಸುಟ್ಟು ಬೂದಿ ತಂದರೂ ಸರಿ ಎಂದಿದ್ದರೆ ಹಾಗೆಂದು ಬರೆಯಿರಿ, ಉಳಿದವರ ಮನಸ್ಸಿನ ತೊಳಲಾಟ ತಪ್ಪುತ್ತದೆ. ವಿಮಾನದಲ್ಲಿ ಬೂದಿ ಒಯ್ಯುವವರು ಮರದ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಇಡಬೇಕು. ಲೋಹದ ಪಾತ್ರೆಯೊಳಗೆ ಎಕ್ಸ್‌ರೇ ತೂರುವುದಿಲ್ಲ, ತಪಾಸಣೆಯಲ್ಲಿ ತಡೆಯುತ್ತಾರೆ.

ನನಗೆ ಯಾರೂ ಇಲ್ಲ. ಯಾರಿಗೆ ವಹಿಸಲಿ?

ಮುಂಗಡ ಕರಾರು ನಿಜಕ್ಕೂ ಬೇಕಾದದ್ದು ನಿಮಗೇ. ಜೊತೆಗೆ ಒಬ್ಬ ಮನುಷ್ಯರೂ ಬೇಕು: ನಿಮ್ಮ ಸಾವಿನ ಸುದ್ದಿ ಆ ಸಂಸ್ಥೆಗೆ ಮುಟ್ಟಿಸುವವರು. ಸ್ನೇಹಿತರೋ ವಕೀಲರೋ ಪಕ್ಕದ ಮನೆಯವರೋ ಆಗಬಹುದು, ಅವರ ಒಪ್ಪಿಗೆ ಪಡೆದು ಕರಾರಿನಲ್ಲಿ ಅವರ ಹೆಸರು ಬರೆಸಿ. ಅವರು ನಿಮಗಿಂತ ಚಿಕ್ಕವರಾಗಿರಲಿ, ಅವರಿಗೊಬ್ಬರು ಬದಲಿಯೂ ಇರಲಿ. ಪರ್ಸಿನಲ್ಲಿ ಸದಾ ಒಂದು ಚೀಟಿ: 'ನನಗೇನಾದರೂ ಆದರೆ ಈ ನಂಬರಿಗೆ ಹೇಳಿ.' ಬೆಳಿಗ್ಗೆ ಒಂದು ಫೋನ್ ಅಥವಾ ಮೆಸೇಜ್ ಎಂದು ಯಾರೊಂದಿಗಾದರೂ ರೂಢಿ ಮಾಡಿಕೊಳ್ಳಿ.

ಮೊಬೈಲ್, ಇಮೇಲ್ ಏನು ಮಾಡುವುದು?

ಗೂಗಲ್ ಖಾತೆಯಲ್ಲಿ 3ರಿಂದ 18 ತಿಂಗಳು ಬಳಕೆಯಿಲ್ಲದಿದ್ದರೆ ಇಂಥವರಿಗೆ ತಿಳಿಸು ಎಂದು ಇಡಬಹುದು. ಆ್ಯಪಲ್, ಫೇಸ್‌ಬುಕ್ ಎರಡರಲ್ಲೂ ನಂತರ ನೋಡಿಕೊಳ್ಳುವವರ ಹೆಸರು ಸೇರಿಸಲು ಬರುತ್ತದೆ. ಹತ್ತು ನಿಮಿಷದ ಕೆಲಸ.

ಒಮ್ಮೆ ಬರೆದಿಟ್ಟರೆ ಮುಗಿಯಿತೇ?

ವರ್ಷಕ್ಕೊಮ್ಮೆ, ನೆನಪಿರುವ ಯಾವುದಾದರೂ ದಿನ, ಹಾಳೆ ತೆಗೆದು ಓದಿ. ಮನೆ ಬದಲಾದಾಗ, ಮದುವೆ ಅಥವಾ ವಿಚ್ಛೇದನವಾದಾಗ, ಹೆಸರಿಸಿದವರು ತೀರಿಕೊಂಡಾಗ, ಹೃದಯಕ್ಕೆ ಸಾಧನ ಹಾಕಿಸಿದಾಗ ಅಂದೇ ತಿದ್ದಿ. ಹೊಸ ಹಾಳೆ ಬರೆದ ಮೇಲೆ ಹಳೆಯ ಪ್ರತಿಗಳನ್ನೆಲ್ಲ ವಾಪಸು ತರಿಸಿ ಹರಿದುಹಾಕಿ. ಎರಡು ದಿನಾಂಕದ ಎರಡು ಹಾಳೆ ಸಿಕ್ಕರೆ ಯಾವುದು ನಿಮ್ಮ ಮಾತು ಎಂದು ಕೇಳಲು ನೀವಿರುವುದಿಲ್ಲ. ಮಕ್ಕಳ ಮೊಬೈಲಿನಲ್ಲಿರುವ ಹಳೆಯ ಫೋಟೋ ಅಳಿಸಿಸುವುದನ್ನೂ ಮರೆಯಬೇಡಿ.